ಇಂಜಿನ್ ನಿಂತ ವಿಮಾನ ಹೊಲಕ್ಕೆ ಇಳಿದರೆ, ಫ್ಯಾನಿಗೆ ಕೈ ಹಾಕಬೇಡಿ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಪುಟ್ಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳ ಹತ್ತಿರ ಹೊಲದಲ್ಲೇ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿಕೊಂಡರು. ಇಂಥದ್ದು ಎಲ್ಲೇ ಆಗಲಿ, ಸ್ವಲ್ಪ ಹೊತ್ತಿಗೆ ವಾಟ್ಸಾಪಿನಲ್ಲಿ ವಿಡಿಯೋ ಬರುತ್ತೆ. ವಿಮಾನದ ಸುತ್ತ ಊರೇ ನೆರೆದಿರುತ್ತೆ. ಮೂತಿ ಹತ್ತಿರ ಫ್ಯಾನ್ ಮುಟ್ಟಿಕೊಂಡು ನಿಂತವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತೆ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಇಲ್ಲಿ ಬರೆಯೋದು ಪಂಪು, ಟಿಲ್ಲರು, ಸ್ಪ್ರೇಯರುಗಳ ಬಗ್ಗೆ. ವಿಮಾನ ಯಾಕೆ ಅಂದರೆ, ಬೆಂಗಳೂರಿನ ಜಕ್ಕೂರು, ಬೆಳಗಾವಿ, ಕಲಬುರಗಿ ಎಲ್ಲ ಕಡೆ ಹುಡುಗರು ಹಾರೋದು ಕಲಿಯುತ್ತಿದ್ದಾರೆ. ಕೆಳಗಿರೋದು ನಮ್ಮ ಹೊಲಗಳು. ಅದೂ ಅಲ್ಲದೆ ಆ ಇಂಜಿನ್ ನಮಗೆ ಅಷ್ಟೇನೂ ಅಪರಿಚಿತ ಅಲ್ಲ.

ಅದು ಕೆಡುವ ರೀತಿಯೂ ನಾವು ಕಂಡದ್ದೇ. ಪೆಟ್ರೋಲ್ ಖಾಲಿಯಾಗೋದು, ಟ್ಯಾಂಕಿಗೆ ನೀರು ಸೇರೋದು. ಅದಕ್ಕೇ ಹಾರುವ ಮುಂಚೆ ಪೈಲಟ್ ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಿಟ್ಟು ನೋಡ್ತಾರೆ. ನೀರಿದ್ದರೆ ಅಡಿಗೆ ನಿಂತಿರುತ್ತೆ. ನಮಗೆ ಹೊಸದು ಒಂದೇ: ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟೋದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿ ತುಂಬ ತಂಪಾಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹೊರಗೆ 20 ಡಿಗ್ರಿ ಇದ್ದಾಗಲೂ ಒಳಗೆ ಹಿಮ ಕಟ್ಟಿ ಇಂಜಿನ್ ಉಸಿರುಗಟ್ಟಬಹುದು. ಸೈಲೆನ್ಸರಿನ ಬಿಸಿಗಾಳಿ ಒಳಗೆ ಬಿಡೋಕೆ ಪೈಲಟ್ ಹತ್ತಿರ ಒಂದು ಗುಬುಟು ಇರುತ್ತೆ.

ಇಂಜಿನ್ ನಿಂತರೆ ವಿಮಾನ ಕಲ್ಲಿನ ಥರ ಬೀಳಲ್ಲ. ಸೆಸ್ನಾ 172 ಥರದ ನಾಲ್ಕು ಸೀಟಿನ ವಿಮಾನ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ಒಂಬತ್ತು ಕಿಲೋಮೀಟರ್ ತೇಲುತ್ತಾ ಹೋಗಬಲ್ಲದು. ಆದರೆ ಗಂಟೆಗೆ ಸುಮಾರು 120 ಕಿ.ಮೀ. ವೇಗ ಕಾಯ್ದುಕೊಳ್ಳಬೇಕು. ಮೂತಿ ಎತ್ತಿ ವೇಗ ಕಳಕೊಂಡರೆ ಕಥೆ ಮುಗೀತು. ಆಗಷ್ಟೇ ಏರಿದ ವಿಮಾನಕ್ಕೆ ಈ ಅವಕಾಶವೂ ಕಮ್ಮಿ. ಅದಕ್ಕೇ ಕಲಿಸುವಾಗ ಹೇಳ್ತಾರೆ, ಕೆಳಮಟ್ಟದಲ್ಲಿದ್ದರೆ ರನ್‌ವೇಗೆ ತಿರುಗೋಕೆ ಹೋಗಬೇಡ, ಎದುರಿಗೆ ಸಿಕ್ಕ ಬಯಲಲ್ಲೇ ಇಳಿಸು ಅಂತ.

ಆ ಬಯಲು ಅಂದರೆ ನಮ್ಮ ಕಟಾವಾದ ಹೊಲ. ಉಳುಮೆ ಮಾಡಿದ್ದರೆ ಸಾಲಿನ ಉದ್ದಕ್ಕೆ ಇಳಿಸೋಕೆ ನೋಡ್ತಾರೆ, ಅಡ್ಡಕ್ಕೆ ಇಳಿದರೆ ಚಕ್ರ ಸಿಕ್ಕಿಕೊಳ್ಳುತ್ತೆ. ಮೇಲಿನಿಂದ ಕಾಣದೇ ಇರೋದು ನಮ್ಮ ಪಂಪ್‌ಸೆಟ್ಟಿಗೆ ಎಳೆದ ಕರೆಂಟಿನ ತಂತಿ. ಕಂಬ ಕಂಡರೂ ತಂತಿ ಕಾಣೋದು ಹತ್ತಿರ ಬಂದಮೇಲೆ.

ನೀವು ಹೊಲದಲ್ಲಿದ್ದಾಗ ತಗ್ಗಿನಲ್ಲಿ, ಸದ್ದಿಲ್ಲದೆ ವಿಮಾನ ಬರ್ತಿದ್ದರೆ ಮೊಬೈಲ್ ತೆಗೀಬೇಡಿ. ಬದಿಗೆ ಓಡಿ. ಅದು ಬರುವ ದಾರಿಯಲ್ಲೇ ಮುಂದೆ ಓಡಿದರೆ ಪ್ರಯೋಜನ ಇಲ್ಲ. ನಿಮ್ಮನ್ನು ನೋಡಿ ಮತ್ತೆ ಮೇಲೇರುವ ಶಕ್ತಿ ಅದಕ್ಕಿಲ್ಲ.

ಇಳಿದ ಮೇಲೆ 112ಕ್ಕೆ ಫೋನ್ ಮಾಡಿ. ಊರು, ಹತ್ತಿರದ ರಸ್ತೆ, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಅನ್ನೋದನ್ನು ಹೇಳಿ. ಆಮೇಲೆ ಹತ್ತಿರ ಹೋಗಿ, ಆದರೆ ಮುಂದಿನಿಂದ ಬೇಡ. ಹಿಂದಿನಿಂದ, ಬಾಗಿಲ ಕಡೆಗೆ.

ಫ್ಯಾನಿನ ವಿಷಯಕ್ಕೆ ಬರ್ತೀನಿ. ನಮ್ಮ ಪೆಟ್ರೋಲ್ ಸ್ಪ್ರೇಯರಿಗೆ ಬ್ಯಾಟರಿ ಇಲ್ಲ, ಹಗ್ಗ ಎಳೆದರೆ ಮ್ಯಾಗ್ನೆಟೊ ಕಿಡಿ ಕೊಡುತ್ತೆ. ವಿಮಾನದ ಇಂಜಿನ್ನಿಗೂ ಮ್ಯಾಗ್ನೆಟೊನೇ, ಅದೂ ಎರಡೆರಡು. ಹಗ್ಗದ ಕೆಲಸ ಅಲ್ಲಿ ಫ್ಯಾನ್ ಮಾಡುತ್ತೆ. ಕೈಯಿಂದ ಸ್ವಲ್ಪ ತಿರುಗಿಸಿದರೂ ಸಿಲಿಂಡರಿನಲ್ಲಿ ಉಳಿದ ಪೆಟ್ರೋಲಿಗೆ ಕಿಡಿ ತಾಗಬಹುದು. ಕೈ ಹೋಗಬಹುದು, ತಲೆಯೂ ಹೋಗಬಹುದು. "ಕೀ ಆಫ್ ಇದೆಯಲ್ಲ" ಅನ್ನಬೇಡಿ. ಸ್ಪ್ರೇಯರಿನ ಸ್ಟಾಪ್ ಸ್ವಿಚ್ಚಿನ ವೈರ್ ತುಂಡಾದರೆ ಒತ್ತಿದರೂ ಇಂಜಿನ್ ನಿಲ್ಲಲ್ಲ ತಾನೇ? ಇಲ್ಲೂ ಹಾಗೇ. ಬಿದ್ದ ಹೊಡೆತಕ್ಕೆ ಆ ವೈರ್ ಕಿತ್ತಿದ್ದರೆ ಕೀ ಆಫ್ ಇದ್ದೂ ಕಿಡಿ ಬರುತ್ತೆ.

ಪೆಟ್ರೋಲ್ ಇರೋದು ರೆಕ್ಕೆಯಲ್ಲಿ. ಸೆಸ್ನಾ 172ರ ಹೊಸ ಮಾದರಿಗಳಲ್ಲಿ 200 ಲೀಟರಿಗೂ ಹೆಚ್ಚು ಹಿಡಿಯುತ್ತೆ. ರೆಕ್ಕೆ ಮುರಿದಿದ್ದರೆ ಅದು ನಿಮ್ಮ ತಲೆ ಮೇಲೇ ಸೋರುತ್ತಿರುತ್ತೆ. ಬೀಡಿ ಹಚ್ಚಬೇಡಿ, ಹತ್ತಿರಕ್ಕೆ ಬೈಕ್, ಟ್ರ್ಯಾಕ್ಟರ್ ತರಬೇಡಿ. ಕರೆಂಟ್ ತಂತಿ ಮೈಮೇಲೆ ಬಿದ್ದಿದ್ದರೆ ಲೈನ್‌ಮ್ಯಾನ್ ಲೈನ್ ತೆಗೆದೆ ಅನ್ನುವವರೆಗೆ ದೂರ ಇರಿ. ಕೆಲವು ಸಣ್ಣ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಹೊರುವ ಪ್ಯಾರಾಶೂಟ್ ಇರುತ್ತೆ, ಅದನ್ನು ಹಾರಿಸೋದು ಒಂದು ಪುಟ್ಟ ರಾಕೆಟ್. ಒಳಗಿನ ಕೆಂಪು ಹಿಡಿಕೆ ಎಳೆಯಬೇಡಿ, ಹಿಂಭಾಗ ಕೊಯ್ಯಲೂ ಬೇಡಿ.

ಒಳಗಿನವರು ಮಾತಾಡ್ತಿದ್ದರೆ, ಬೆಂಕಿಯ ಭಯ ಇಲ್ಲದಿದ್ದರೆ, ಎಳೆದಾಡಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು, ಆಂಬುಲೆನ್ಸಿನವರು ಬರಲಿ. ಹೊಗೆಯೋ ಬೆಂಕಿಯೋ ಕಂಡರೆ ಮಾತ್ರ ಬೆಲ್ಟ್ ಬಿಚ್ಚಿ, ಇಲ್ಲದಿದ್ದರೆ ಕುಡುಗೋಲಿನಿಂದ ಕೊಯ್ದು ಹೊರಗೆ ತನ್ನಿ.

ತುಂಡುಗಳನ್ನು ಮನೆಗೆ ಒಯ್ಯಬೇಡಿ. ಅಪಘಾತದ ತನಿಖೆ ಮಾಡುವ ಕೇಂದ್ರದ ಸಂಸ್ಥೆ ಎಎಐಬಿ. ಬಿದ್ದ ಬೋಲ್ಟ್ ಕೂಡ ಅವರಿಗೆ ಸಾಕ್ಷಿ. ಅವರ ಅಪ್ಪಣೆ ಇಲ್ಲದೆ ವಿಮಾನ ಸರಿಸುವಂತಿಲ್ಲ, ಜೀವ ಉಳಿಸೋಕೆ ಬೇಕಾದಷ್ಟು ಮಾತ್ರ ಸರಿಸಬಹುದು. ಈಗ ಮೊಬೈಲ್ ತೆಗೀರಿ. ಮುರಿದ ಬೆಳೆ, ಹನಿ ನೀರಾವರಿ ಪೈಪು, ಬೇಲಿ ಎಲ್ಲದರ ಫೋಟೋ ತಾರೀಖು ಸಮೇತ ಇಟ್ಟುಕೊಳ್ಳಿ. ನೋಡೋಕೆ ಬಂದ ಜನ ತುಳಿದದ್ದೂ ನಷ್ಟವೇ, ಎಷ್ಟೋ ಸಲ ವಿಮಾನಕ್ಕಿಂತ ಅದೇ ಜಾಸ್ತಿ. ಪಹಣಿ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ, ಪೊಲೀಸರಿಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಪೆಟ್ರೋಲ್ ಸುರಿದ ಜಾಗದ ಮೇವನ್ನು ಆಕಳಿಗೆ ಹಾಕಬೇಡಿ.