ನಿಮಗಿದು ಗೊತ್ತೆ? ಊರುಗಳ ಹಣೆಬರಹ ಬರೆದ ಘಾಟಿ, ಕಚೇರಿ, ಅಣೆಕಟ್ಟು

● ಹೊಸನಗರ ತಾಲ್ಲೂಕಿನ ಇಂದಿನ ಪುಟ್ಟ ಊರು ನಗರ, ಒಂದು ಕಾಲದಲ್ಲಿ ಬಿದನೂರು ಎಂಬ ರಾಜಧಾನಿ. ಕೆಳದಿಯ ವೀರಭದ್ರ ನಾಯಕ 1640ರ ಸುಮಾರಿಗೆ ಇಕ್ಕೇರಿಯಿಂದ ಆಳ್ವಿಕೆಯನ್ನು ಇಲ್ಲಿಗೆ ತಂದ. ಸುತ್ತಲ ಬೆಟ್ಟಗಳು ರಕ್ಷಣೆ ಕೊಟ್ಟವು. ಹೊಸಂಗಡಿ ಘಾಟಿಯ ಮೂಲಕ ಕರಾವಳಿಯೊಂದಿಗೆ ನಡೆದ ವ್ಯಾಪಾರ ಸಂಪತ್ತು ತಂದಿತು.

● 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ‘ನಗರ’ ಉಳಿದದ್ದು ಆ ಹೆಸರಿನಿಂದಲೇ.

● ಮುಂದೆ ತಾಲ್ಲೂಕು ಕೇಂದ್ರ ನಗರದಿಂದ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇಂದಿನ ಹೊಸನಗರ. ಕಚೇರಿ ಹೋದ ಕಡೆಗೆ ಪೇಟೆಯೂ ಬೆಳೆಯಿತು.

● 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ನುಂಗಿತು. 1948ರ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಇಲ್ಲಿನ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್.

● ಈ ಹಿನ್ನೀರು ದಾಟಲು ದಶಕಗಳ ಕಾಲ ಲಾಂಚ್ ನಂಬಿದ್ದ ಸಿಗಂದೂರು ಕಡೆಯ ಜನರಿಗೆ, ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಸೇತುವೆ 2025ರ ಜುಲೈನಲ್ಲಿ ತೆರೆಯಿತು.

ನಾಡಿನ ಪೇಟೆ, ಕಾರ್ಖಾನೆಗಳಿಗೆ ಬೆಳಕು ಕೊಡಲು ಊರು ಬಿಟ್ಟವರಿಗೆ ಭೂಮಿಯ ಹಕ್ಕು ಸಿಗಬೇಕು. ಯಾವುದೇ ಯೋಜನೆಯ ಮೊದಲ ಲೆಕ್ಕ ಅದೇ ಆಗಿರಬೇಕು.