ಕಡೆಗೋಲಿನ ಲೆಕ್ಕ

ಬಿಕಾಂ ಮುಗಿಸಿ, ಬೆಳ್ತಂಗಡಿ–ಬಂಟ್ವಾಳ ಗಡಿಯ ನಮ್ಮ ತೋಟದ ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿರುವ ನನಗೆ ಸದ್ಯ ಸಿಕ್ಕಿರುವ ಹುದ್ದೆ ಮೊಸರು ಕಡೆಯುವುದು. ಸಂಬಳವಿಲ್ಲ, ರಜೆಯೂ ಇಲ್ಲ! ಅಜ್ಜಿಗೆ ಭುಜದ ನೋವು ಹೆಚ್ಚಾಗಿ, ಹಗ್ಗ ಎಳೆಯಬಾರದೆಂದು ವೈದ್ಯರು ಹೇಳಿದ ಮೇಲೆ ಕಡೆಗೋಲು ನನ್ನ ಕೈಗೆ ಬಂತು.

"ಮಿಕ್ಸಿಗೆ ಹಾಕು ಮಾರಾಯ್ತಿ, ಎರಡು ನಿಮಿಷದ ಕೆಲಸ" ಎಂದು ಮೂಡುಬಿದಿರೆಯ ಕಾಲೇಜು ಗೆಳತಿಯರು ನಗುತ್ತಾರೆ. ಆದರೆ ನಮ್ಮ ಏಪ್ರಿಲ್ ಸೆಕೆಗೆ ಮೋಟರಿನ ಬಿಸಿಯೂ ಸೇರಿದರೆ ಬೆಣ್ಣೆ ಕೂಡುವುದಿಲ್ಲ, ಎಣ್ಣೆಯಂತೆ ಜಾರುತ್ತದೆ. ಮೊಸರಿನಲ್ಲಿರುವ ಕೊಬ್ಬಿನ ಕಣಗಳಿಗೆ ತೆಳುವಾದ ಪೊರೆ ಇರುತ್ತದೆ. ಕಡೆದಾಗ ಅದು ಒಡೆದು ಕಣಗಳು ಒಂದಕ್ಕೊಂದು ಅಂಟುತ್ತವೆ. ಅದಕ್ಕೆ ಹದವಾದ ತಂಪು ಬೇಕು. ಹಾಗಾಗಿಯೇ ಬಿಸಿಲೇರುವ ಮೊದಲು ಕಡೆಯುವುದು. ಬೇಸಿಗೆಯಲ್ಲಿ ಬಾವಿಯ ತಣ್ಣೀರು, ಮಳೆಗಾಲದ ಚಳಿಗೆ ಒಂದು ಚೆಂಬು ಉಗುರುಬೆಚ್ಚಗಿನ ನೀರು. ಅಜ್ಜಿಗೆ ಥರ್ಮಾಮೀಟರ್ ಬೇಡ. ಜಗಲಿಯಲ್ಲಿ ಕೂತು ಸದ್ದು ಕೇಳುತ್ತಾರೆ. ಮೊದಲು ನೊರೆಯ ಮೆತ್ತನೆ ಸದ್ದು, ಆಮೇಲೆ ಕಡೆಗೋಲು ಭಾರ, ಮತ್ತೆ ಒಮ್ಮೆಲೇ ಹಗುರಾಗಿ ನೀರು ಕುಲುಕಿದ ಸದ್ದು. "ಸಾಕು ಮಗಾ, ಇನ್ನು ಕಡೆದರೆ ಕರಗ್ತದೆ" ಎನ್ನುತ್ತಾರೆ. ಇಣುಕಿದರೆ ನುಚ್ಚಿನಂಥ ಬೆಣ್ಣೆ ತೇಲುತ್ತಿರುತ್ತದೆ. ಅದನ್ನು ಕೈಯಲ್ಲಿ ಕೂಡಿಸಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮಜ್ಜಿಗೆ ಉಳಿದರೆ ಬೇಗ ಹುಳಿ ವಾಸನೆ ಬರುತ್ತದೆ.

ಅಪ್ಪನ ವಾದ ಬೇರೆ. ಹಾಲನ್ನು ಸೊಸೈಟಿಗೆ ಹಾಕಿದರೆ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ, ಹಣ ನೇರ ಖಾತೆಗೆ. ಕಾಲೇಜಿನಲ್ಲಿ ಕಲಿತದ್ದನ್ನು ನಾನೂ ಪ್ರಯೋಗಿಸಿದೆ: 10 ಲೀಟರ್ ಹಾಲಿನಲ್ಲಿ ಶೇ 4ರಷ್ಟು ಕೊಬ್ಬಿದ್ದರೆ ಸುಮಾರು 400 ಗ್ರಾಂ. ಬೆಣ್ಣೆಯಲ್ಲಿ ಹೆಚ್ಚುಕಡಿಮೆ ಶೇ 80 ಕೊಬ್ಬು, ಉಳಿದದ್ದು ಬಹುಪಾಲು ನೀರು. ಅಂದರೆ ಏನೂ ಪೋಲಾಗದಿದ್ದರೂ ಅರ್ಧ ಕಿಲೋ ಬೆಣ್ಣೆ. ಕಾಯಿಸಿದರೆ ತುಪ್ಪ 400 ಗ್ರಾಂ ಕೂಡ ಸಿಗದು. ಅದನ್ನು ಪೇಟೆಯ ಪ್ಯಾಕೆಟ್ ತುಪ್ಪದ ದರಕ್ಕೆ ಕೊಟ್ಟರೆ ಹಾಲಿನ ಹಣವೂ ಹುಟ್ಟುವುದಿಲ್ಲ. ಅಪ್ಪ ಗೆದ್ದರು.

ಆದರೆ ಆ ಲೆಕ್ಕದಲ್ಲಿ ಮಜ್ಜಿಗೆಗೆ ಕಾಲಂ ಇಲ್ಲ. ಅಡಿಕೆ ಕೊಯ್ಲಿಗೆ ಬಂದವರು ಹತ್ತು ಗಂಟೆಗೆ ಕೇಳುವುದು ಉಪ್ಪು, ಗಾಂಧಾರಿ ಮೆಣಸು ಹಾಕಿದ ಮಜ್ಜಿಗೆಯನ್ನೇ. ನೆರೆಮನೆಯ ಮಕ್ಕಳೂ ಚೆಂಬು ಹಿಡಿದು ಬರುತ್ತಾರೆ. ಅದಕ್ಕೆ ದುಡ್ಡಿನ ಮಾತೆತ್ತಿದರೆ ಅಜ್ಜಿಗೆ ಸಿಟ್ಟು.

ಕೊನೆಗೆ ಒಪ್ಪಂದವಾಯಿತು: ಬೆಳಗಿನ ಹಾಲು ಸೊಸೈಟಿಗೆ, ಸಂಜೆಯದು ಹೆಪ್ಪಿಗೆ. ತುಪ್ಪ ಬೇಕೆಂದು ಮಂಗಳೂರಿನಿಂದ ಫೋನ್ ಬಂದರೆ ದರ ಹೇಳುವವಳು ನಾನು. ಮುಂದಿನ ತಿಂಗಳು ಬ್ಯಾಂಕ್ ಪರೀಕ್ಷೆ ಇದೆ. ಪಾಸಾಗಿ ಬೇರೆ ಊರಿಗೆ ಹೋದರೆ ಹಗ್ಗ ಎಳೆಯುವವರು ಯಾರೆಂದು ಮನೆಯಲ್ಲಿ ಯಾರೂ ಕೇಳಿಲ್ಲ. ಅಪ್ಪ ಮಾತ್ರ ನಿನ್ನೆ ಕಂಬದ ಹಗ್ಗ ಬದಲಿಸುತ್ತಾ, "ಎಷ್ಟು ಹೊತ್ತು ಕಡೆಯಬೇಕಾಗ್ತದೆ?" ಎಂದು ವಿಚಾರಿಸಿದರು.