ಜನಗಣತಿಯಲ್ಲಿ ಮುತ್ತಜ್ಜ ಸಿಗುವುದಿಲ್ಲ, ಮತ್ತೆಲ್ಲಿ ಸಿಗುತ್ತಾನೆ?

ಬೆಂಗಳೂರಿನ ಶಿವಾಜಿನಗರ, ಹಲಸೂರಿನ ಹಳೆಯ ಮನೆಗಳಲ್ಲಿ ಎರಡು ಬಗೆಯ ಕಥೆ ಕೇಳಿಬರುತ್ತವೆ. 'ನಮ್ಮ ಮುತ್ತಜ್ಜ ದಂಡಿನ ಬೆನ್ನಿಗೇ ಆರ್ಕಾಟಿನ ಕಡೆಯಿಂದ ಬಂದವರು' ಎಂಬುದು ಒಂದು. 'ಮುತ್ತಜ್ಜನ ತಮ್ಮ ಮದರಾಸಿಗೆ ಹೋದವನು ಹಡಗು ಹತ್ತಿಬಿಟ್ಟ, ಮತ್ತೆ ಬರಲಿಲ್ಲ' ಎಂಬುದು ಇನ್ನೊಂದು. ಬಂದವರ ಮನೆಯವರು ಬೇರು ಹುಡುಕುತ್ತಾರೆ. ಹೋದವರ ಮರಿಮಕ್ಕಳು ಡರ್ಬನ್ನಿನಿಂದಲೋ ಮೆಲ್ಬರ್ನಿನಿಂದಲೋ ಬಂದು ಇಲ್ಲಿನ ಬೀದಿಗಳಲ್ಲಿ ವಿಚಾರಿಸುತ್ತಾರೆ. ಇಬ್ಬರೂ ಮೊದಲು ಕೇಳುವುದು ಒಂದೇ: ಹಳೆಯ ಜನಗಣತಿ ಪುಸ್ತಕ ಎಲ್ಲಿದೆ? ಹಳೆಯ ಮತದಾರರ ಪಟ್ಟಿ ಎಲ್ಲಿದೆ?

ಹುಡುಕಾಟ ದಾರಿ ತಪ್ಪುವುದು ಇಲ್ಲಿಯೇ. ತಲೆ ಎಣಿಸುವವನಿಗೆ ಲೆಕ್ಕ ಮುಗಿದ ಮೇಲೆ ಹೆಸರು ಬೇಕಾಗುವುದಿಲ್ಲ. ಸಂಬಳ ಕೊಡುವವನಿಗೆ, ಕಂದಾಯ ಕೇಳುವವನಿಗೆ, ಮದುವೆ ಮಾಡಿಸುವವನಿಗೆ, ಹಡಗಿಗೆ ಹತ್ತಿಸುವವನಿಗೆ, ಕೊನೆಗೆ ಹೂಳುವವನಿಗೆ ಹೆಸರು ಬೇಕು. ಇಷ್ಟು ನೆನಪಿಟ್ಟುಕೊಂಡರೆ ಈ ಕೆಳಗಿನ ತಪ್ಪು ಕಲ್ಪನೆಗಳನ್ನು ಕಳಚಿಕೊಳ್ಳುವುದು ಸುಲಭ.

ತಪ್ಪು ಕಲ್ಪನೆ 1: 1881ರ ಜನಗಣತಿ ತೆಗೆದರೆ ಮನೆಮಂದಿಯ ಹೆಸರೆಲ್ಲ ಸಿಗುತ್ತದೆ.

ಸತ್ಯ: ಹೆಸರು ಬರೆದದ್ದುಂಟು, ಉಳಿಸಿದ್ದಿಲ್ಲ. ಮೈಸೂರು ಸೀಮೆಯಲ್ಲಿ 1871ರಲ್ಲಿ ಗಣತಿ ನಡೆಯಿತು. ಇಡೀ ದೇಶಕ್ಕೆ ಒಂದೇ ದಿನದ ಲೆಕ್ಕವೆಂದು ಮೊದಲ ಗಣತಿ ಆದದ್ದು 1881ರ ಫೆಬ್ರವರಿ 17ರಂದು. ಗಣತಿದಾರ ಮನೆಮನೆಗೆ ಹೋಗಿ ಹಾಳೆ ತುಂಬಿದ. ಆ ಹಾಳೆಗಳಿಂದ ಜಾತಿ, ವಯಸ್ಸು, ಕಸುಬು, ಅಕ್ಷರಜ್ಞಾನದ ಕೋಷ್ಟಕ ತಯಾರಾದವು. ಕೋಷ್ಟಕ ಅಚ್ಚಾದ ಮೇಲೆ ಹಾಳೆಗಳನ್ನು ಕಾಪಾಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಗ್ರಂಥಾಲಯದಲ್ಲಿ ಇಂದು ಸಿಗುವ ದಪ್ಪ ಸಂಪುಟಗಳಲ್ಲಿ ಅಂಕಿ ಇದೆ, ಅಜ್ಜನಿಲ್ಲ.

ಸ್ವಾತಂತ್ರ್ಯದ ನಂತರದ ಗಣತಿಗೂ ಬೀಗವಿದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನಂತೆ ಗಣತಿಯ ಹಾಳೆಯನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ತರುವಂತಿಲ್ಲ. ಇಂತಿಷ್ಟು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆಯಬೇಕೆಂಬ ನಿಯಮವೂ ನಮ್ಮಲ್ಲಿಲ್ಲ.

ಹಾಗೆಂದು ಆ ಸಂಪುಟಗಳು ನಿಷ್ಪ್ರಯೋಜಕವಲ್ಲ. ದಂಡು ಪ್ರದೇಶದ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಜನಸಂಖ್ಯೆ 1891ರಲ್ಲಿ 1,00,081 ಇದ್ದದ್ದು 1901ರಲ್ಲಿ 89,599ಕ್ಕೆ ಇಳಿಯಿತು. ನಡುವೆ 1898ರ ಪ್ಲೇಗ್ ಬಂದು ಹೋಗಿತ್ತು. ನಿಮ್ಮ ಮನೆಯ ಕಥೆಯಲ್ಲಿ ಒಂದು ಕವಲು ಆ ಹೊತ್ತಿಗೆ ತಟ್ಟನೆ ನಿಂತುಹೋಗಿದ್ದರೆ, ಕಾರಣ ಊಹಿಸಲು ಈ ಅಂಕಿ ನೆರವಾಗುತ್ತದೆ.

ತಪ್ಪು ಕಲ್ಪನೆ 2: ಗಣತಿ ಹೋದರೆ ಹೋಗಲಿ, ಮತದಾರರ ಪಟ್ಟಿಯಲ್ಲಿ ಇದ್ದೇ ಇರುತ್ತಾನೆ.

ಸತ್ಯ: ಮತವಿದ್ದರಲ್ಲವೇ ಪಟ್ಟಿ? ದಿವಾನ್ ರಂಗಾಚಾರ್ಲು 1881ರಲ್ಲಿ ಶುರುಮಾಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮೊದಲು ಬಂದವರು 144 ಮಂದಿ. ಅವರು ಜಮೀನುದಾರರು, ವರ್ತಕರು. ಚುನಾವಣೆ ಎಂಬುದು ಅಲ್ಲಿಗೆ ಬಂದದ್ದು 1891ರಲ್ಲಿ, ಅದೂ ಆಸ್ತಿವಂತರಿಗೆ. ದಂಡು ಪ್ರದೇಶವಂತೂ ಆಗ ಮಹಾರಾಜರ ಆಡಳಿತದಲ್ಲೇ ಇರಲಿಲ್ಲ. ಹಲಸೂರಿನ ನೇಕಾರ, ಬ್ಲಾಕ್‌ಪಳ್ಳಿಯ (ಇಂದಿನ ಶಿವಾಜಿನಗರದ) ಕಸಾಯಿ, ಸ್ಯಾಪರ್ಸ್ ಪಡೆಯ ಕೂಲಿಯಾಳು ಯಾವ ಪಟ್ಟಿಗೂ ಸೇರಿದವರಲ್ಲ. ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ.

ಆ ಪಟ್ಟಿಗೂ ಒಂದು ಮಿತಿಯಿತ್ತು. ದೇಶದಾದ್ಯಂತ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದರಿಂದ ಅವರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಆದರೂ ಮತದಾರರ ಪಟ್ಟಿಯನ್ನು ಕಡೆಗಣಿಸಬೇಡಿ. ಮನೆ ನಂಬರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು ಒಂದೇ ಸಾಲಿನಲ್ಲಿ ಸಿಗುವ ಕಾಗದ ಅದು. ಹಳೆಯ ಪಟ್ಟಿ ಸಿಕ್ಕಷ್ಟೂ ಒಂದೊಂದು ತಲೆಮಾರು ಹಿಂದಕ್ಕೆ ಹತ್ತಬಹುದು. 19ನೇ ಶತಮಾನಕ್ಕೆ ಅದು ತಲುಪಿಸುವುದಿಲ್ಲ. ಅಲ್ಲಿಗೆ ಹೋಗುವ ದಾರಿಯ ಮೊದಲ ಮೆಟ್ಟಿಲುಗಳನ್ನು ಗಟ್ಟಿ ಮಾಡುತ್ತದೆ.

ತಪ್ಪು ಕಲ್ಪನೆ 3: ವಿದೇಶಕ್ಕೆ ಹೋದವನ ದಾಖಲೆ ಅಲ್ಲಿಯ ಗಣತಿಯಲ್ಲಿ, ಅಲ್ಲಿಯ ಮತಪಟ್ಟಿಯಲ್ಲಿ ಪಕ್ಕಾ ಇರುತ್ತದೆ.

ಸತ್ಯ: ದೇಶ ನೋಡಿಕೊಂಡು ಹೇಳಬೇಕು. ಇಂಗ್ಲೆಂಡಿನಲ್ಲಿ 1841ರಿಂದ 1921ರವರೆಗಿನ ಗಣತಿ ಹಾಳೆಗಳು ಹೆಸರು ಸಮೇತ ಸಿಗುತ್ತವೆ. 1931ರದ್ದು 1942ರಲ್ಲಿ ಬೆಂಕಿಗೆ ಆಹುತಿಯಾಯಿತು. ಐರ್ಲೆಂಡಿನಲ್ಲಿ 1861ರಿಂದ 1891ರವರೆಗಿನ ಹಾಳೆಗಳನ್ನು ಸರ್ಕಾರವೇ ನಾಶಮಾಡಿತು. ಅದಕ್ಕೂ ಹಿಂದಿನವುಗಳಲ್ಲಿ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದೊಂದಿಗೆ ಸುಟ್ಟುಹೋದವು. ದಂಡಿನಲ್ಲಿದ್ದ ಐರಿಷ್ ಸಿಪಾಯಿಗಳ ವಂಶದವರಿಗೆ ಇದು ದೊಡ್ಡ ಪೆಟ್ಟು. ಇನ್ನು ಬ್ರಿಟಿಷ್ ಸೈನಿಕ ಬೆಂಗಳೂರಿನಲ್ಲಿದ್ದಾಗ 1911ಕ್ಕೂ ಹಿಂದಿನ ಬ್ರಿಟನ್ನಿನ ಗಣತಿಯಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಹೊರದೇಶದ ದಂಡುಗಳಲ್ಲಿದ್ದವರನ್ನೂ ಅವರ ಸಂಸಾರವನ್ನೂ ಪೂರ್ತಿಯಾಗಿ ಮೊದಲು ಬರೆದುಕೊಂಡದ್ದು 1911ರ ಗಣತಿ.

ಆಸ್ಟ್ರೇಲಿಯಾದಲ್ಲಿ ಗಣತಿ ಹಾಳೆಗಳನ್ನು ಬಹುಕಾಲ ನಾಶಮಾಡುತ್ತಲೇ ಬಂದರು. ಹಾಗಾಗಿ ಅಲ್ಲಿ ವಂಶ ಹುಡುಕುವವರಿಗೆ ಮತಪಟ್ಟಿಯೇ ಆಸರೆ. ಆದರೆ ಭಾರತೀಯರ ವಿಷಯಕ್ಕೆ ಬಂದರೆ ಅದೂ ಕೈಕೊಡುತ್ತದೆ. 1902ರ ಅಲ್ಲಿನ ಕಾಯ್ದೆ ಹೆಂಗಸರಿಗೆ ಮತ ಕೊಟ್ಟಿತು, ಅದೇ ಕಾಯ್ದೆ ಏಷ್ಯಾ ಮೂಲದವರನ್ನು ಹೊರಗಿಟ್ಟಿತು. ಬ್ರಿಟಿಷ್ ಇಂಡಿಯಾದವರಿಗೆ ಒಕ್ಕೂಟದ ಮತ ಸಿಕ್ಕಿದ್ದು 1925ರಲ್ಲಿ. ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ 1896ರ ಕಾನೂನು ಭಾರತೀಯರಿಗೆ ಮತಪಟ್ಟಿಯ ಬಾಗಿಲು ಮುಚ್ಚಿತು. ಗಾಂಧೀಜಿಯ ಮೊದಲ ಹೋರಾಟ ಶುರುವಾದದ್ದೇ ಈ ವಿಷಯಕ್ಕೆ. ಫಿಜಿಯಲ್ಲಿ ಭಾರತೀಯರು ಮೊದಲು ಮತ ಹಾಕಿದ್ದು 1929ರಲ್ಲಿ. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಮನುಷ್ಯ ಅಲ್ಲಿರಲಿಲ್ಲ ಎಂದರ್ಥವಲ್ಲ, ಅವನನ್ನು ಒಳಗೆ ಬಿಡಲಿಲ್ಲ ಎಂದರ್ಥ.

ತಪ್ಪು ಕಲ್ಪನೆ 4: ಕೂಲಿಯಾಗಿ ಹಡಗು ಹತ್ತಿದ ಬಡವನಿಗೆ ಎಲ್ಲಿಯ ದಾಖಲೆ?

ಸತ್ಯ: ಊರಲ್ಲೇ ಉಳಿದ ಅಣ್ಣನಿಗಿಂತ ಹಡಗು ಹತ್ತಿದ ತಮ್ಮನ ದಾಖಲೆಯೇ ಗಟ್ಟಿ. ಅವನು ಕರಾರಿನ ಮೇಲೆ ಹೋದವನು. ಕರಾರು ಮುರಿದು ಓಡಿದರೆ ಹಿಡಿಯಬೇಕಲ್ಲ, ಅದಕ್ಕೇ ಅವನ ಗುರುತನ್ನೆಲ್ಲ ಬರೆದುಕೊಂಡರು.

ವಲಸೆ ಪಾಸಿನ ಒಂದು ಸಾಲನ್ನು ಹತ್ತಿರದಿಂದ ನೋಡಿ. ನಂಬರು, ಹೆಸರು, ತಂದೆಯ ಹೆಸರು, ವಯಸ್ಸು, ಗಂಡು ಅಥವಾ ಹೆಣ್ಣು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಎತ್ತರ ಎಷ್ಟು ಅಡಿ ಎಷ್ಟು ಅಂಗುಲ, ಮೈಮೇಲಿನ ಗುರುತು. ಎಡ ಹುಬ್ಬಿನ ಮೇಲಿನ ಗಾಯದ ಕಲೆಯೋ ಕೈಮೇಲಿನ ಹಚ್ಚೆಯೋ ಇದ್ದರೆ ಅದೂ ಆ ಕೊನೆಯ ಅಂಕಣಕ್ಕೆ ಸೇರುತ್ತಿತ್ತು. ಇಷ್ಟೆಲ್ಲವನ್ನು ಯಾವ ಜನಗಣತಿಯೂ ಕೊಡುವುದಿಲ್ಲ.

ಮದರಾಸಿನಿಂದ ಹೊರಟ 'ಟ್ರೂರೊ' ಹಡಗು 342 ಜನರೊಂದಿಗೆ 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ನಟಾಲಿಗೆ ಹೋದರು. ಅವರಲ್ಲಿ ಹೆಚ್ಚಿನವರು ಹತ್ತಿದ್ದು ಮದರಾಸು ಬಂದರಿನಲ್ಲಿ. ಆ ಹಡಗು ಪಟ್ಟಿಗಳು ಈಗ ಡಿಜಿಟಲ್ ರೂಪದಲ್ಲಿವೆ. ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ವಲಸೆ ದಾಖಲೆಗಳ ಜೊತೆಗೆ ಕೂಲಿಗಳ ಫೋಟೊಗಳೂ ಇವೆ. ಫಿಜಿಗೆ ಹೋದವರ ಪಾಸುಗಳು ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ.

ಒಂದು ಎಚ್ಚರಿಕೆ. ಹೆಸರು ನೋಂದಾಯಿಸಿದ ಊರೇ ಹುಟ್ಟೂರು ಎಂದು ತಿಳಿಯಬಾರದು. ಬಹಳ ಜನ ಆಗಲೇ ಹೊಟ್ಟೆಪಾಡಿಗೆ ಊರು ಬಿಟ್ಟು ಅಲೆಯುತ್ತಿದ್ದಾಗ ಆಳು ಸೇರಿಸುವ ಮೇಸ್ತ್ರಿಯ ಕೈಗೆ ಸಿಕ್ಕವರು. ಜಿಲ್ಲೆ, ತಾಲ್ಲೂಕು, ಹಳ್ಳಿಯ ಅಂಕಣಗಳನ್ನು ನೋಂದಣಿ ಸ್ಥಳದಿಂದ ಬೇರೆಯಾಗಿ ಓದಿ.

ತಪ್ಪು ಕಲ್ಪನೆ 5: ಮನೆತನದ ಹೆಸರು ಹಿಡಿದು ಹುಡುಕಿದರೆ ಸಾಕು.

ಸತ್ಯ: ನಮ್ಮ ಕಡೆಯವರಲ್ಲಿ ಹಲವರಿಗೆ ಮನೆತನದ ಹೆಸರೇ ಇರಲಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ, ಇಲ್ಲವೇ ಊರಿನ ಹೆಸರು, ತನ್ನ ಹೆಸರು, ಅಷ್ಟೇ. 1873ರಲ್ಲಿ ದಂಡಿನಲ್ಲಿ ಶಾಲೆ ತೆರೆದ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರ ಹೆಸರಿನಲ್ಲೇ ಊರು, ಬಿರುದು, ಜಾತಿ ಮೂರೂ ಇವೆ. ಸಮುದ್ರ ದಾಟಿದವರಲ್ಲಿ ಕೆಲವರಿಗೆ ಜಾತಿಯೇ ಮನೆತನದ ಹೆಸರಾಯಿತು: ನಾಯ್ಡೂ, ಮೂಡ್ಲಿ, ಗೊವೆಂಡರ್. ಕೆಲವರಿಗೆ ಅಪ್ಪನ ಹೆಸರೇ ಮಕ್ಕಳ ಮನೆತನದ ಹೆಸರಾಗಿ ನಿಂತಿತು. ಇಂಗ್ಲಿಷ್ ಗುಮಾಸ್ತ ಮುನಿಸ್ವಾಮಿಯನ್ನು ಹತ್ತು ಬಗೆಯಲ್ಲಿ ಬರೆದಾನು. ಆದ್ದರಿಂದ ಒಂದು ಹೆಸರಿನ ಬೆನ್ನು ಬೀಳುವ ಬದಲು ಹೆಸರು, ತಂದೆಯ ಹೆಸರು, ವಯಸ್ಸು, ಊರು ನಾಲ್ಕನ್ನೂ ತಾಳೆ ನೋಡಿ. ಮೂರು ಹೊಂದಿದರೆ ಮುಂದುವರಿಯಿರಿ. ಹೆಸರೊಂದೇ ಹೊಂದಿದರೆ ಅದು ಬೇರೆಯವರ ಮುತ್ತಜ್ಜ.

ತಪ್ಪು ಕಲ್ಪನೆ 6: ಬೆಂಗಳೂರಿನ ದಾಖಲೆ ಎಂದರೆ ವಿಧಾನಸೌಧದಲ್ಲಿರುತ್ತದೆ.

ಸತ್ಯ: ಒಂದೇ ಊರಿಗೆ ಇಬ್ಬರು ಯಜಮಾನರಿದ್ದರು. ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಬ್ರಿಟಿಷರು ಪಡೆಯನ್ನು ಇಲ್ಲಿಗೆ ತಂದು 1809ರಲ್ಲಿ ದಂಡು ಕಟ್ಟಿದರು. ಅದು ಮದರಾಸು ಸೇನೆಗೆ ಸೇರಿದ್ದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ದಂಡು ಪ್ರದೇಶ ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಅದು ವಾಪಸು ಬಂದದ್ದು 1947ರ ಜುಲೈ 26ರಂದು. ಪೇಟೆಯೂ ದಂಡೂ ಒಂದೇ ಪಾಲಿಕೆಯಾದದ್ದು 1949ರಲ್ಲಿ.

ಆದ್ದರಿಂದ ಕಾಗದಗಳೂ ಹಂಚಿಹೋಗಿವೆ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಜೊತೆಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿ ಇಷ್ಟನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ದೆಹಲಿಯ ಸೂಚಿಯನ್ನು 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಬಡಾವಣೆಯ ಹೆಸರನ್ನೂ ನಂಬಬೇಡಿ. ಅಂದಿನ ಕಾಗದದಲ್ಲಿ ಶಿವಾಜಿನಗರ ಇರುವುದಿಲ್ಲ, ಬ್ಲಾಕ್‌ಪಳ್ಳಿ ಇರುತ್ತದೆ. ಇಂದಿರಾನಗರ ಇರುವುದಿಲ್ಲ, ಬಿನ್ನಮಂಗಲ, ದೊಮ್ಮಲೂರು, ಹಲಸೂರು ಇರುತ್ತವೆ. ಫ್ರೇಜರ್ ಟೌನ್ ಪ್ಲೇಗಿನ ನಂತರ ಹುಟ್ಟಿದ್ದು.

ತಪ್ಪು ಕಲ್ಪನೆ 7: ಹೆಸರಿರುವ ದಾಖಲೆ ಬಿಳಿಯರಿಗೆ ಮಾತ್ರ.

ಸತ್ಯ: ಬಿಳಿಯರದ್ದು ಹುಡುಕಲು ಸುಲಭ, ಅಷ್ಟೇ. ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿಯಂಥ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ಪ್ರತಿ ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಅವು ಎನ್/2 ಎಂಬ ಸಾಲಿನಲ್ಲಿವೆ. ದೀಕ್ಷಾಸ್ನಾನದ ಸಾಲಿನಲ್ಲಿ ಮಗು, ತಂದೆ, ತಾಯಿಯ ಹೆಸರಿನೊಂದಿಗೆ ತಂದೆಯ ಉದ್ಯೋಗ, ವಾಸದ ಊರೂ ಇರುತ್ತದೆ. ಬ್ರಿಟಿಷ್ ಸಿಪಾಯಿಯ ನಿವೃತ್ತಿ ಕಾಗದ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯುಒ 97 ಎಂಬ ಸಾಲಿನಲ್ಲಿದೆ. ಭಾರತೀಯ ಕ್ರೈಸ್ತರ ಹೆಸರಿಗೆ ಲಂಡನ್ನಿಗೆ ಹೋಗಬೇಕಿಲ್ಲ. ಆಯಾ ಚರ್ಚಿನ ಮೂಲ ಪುಸ್ತಕವನ್ನೇ ಪಾದ್ರಿಯವರ ಅನುಮತಿ ಕೇಳಿ ನೋಡಬೇಕು. ಹೊಸೂರು ರಸ್ತೆ, ಕಲ್ಪಳ್ಳಿಯ ಸ್ಮಶಾನಗಳ ಕಲ್ಲುಗಳೂ ದಾಖಲೆಯೇ.

ಹಿಂದೂ, ಮುಸ್ಲಿಂ ಮನೆಗಳಿಗೆ ದಾರಿ ಬೇರೆ. ಜಮೀನಿದ್ದವರು ತಮ್ಮ ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿ, ಮ್ಯುಟೇಷನ್ ಪುಸ್ತಕ ಕೇಳಬಹುದು. ಮನೆ ಕೊಂಡು ಮಾರಿದವರ ಹೆಸರು ಉಪನೋಂದಣಾಧಿಕಾರಿ ಕಚೇರಿಯ ಕ್ರಯಪತ್ರಗಳಲ್ಲಿರುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಖಾಜಿಯವರ ನಿಕಾಹ್ ಪುಸ್ತಕ, ದೇವಸ್ಥಾನದ ದತ್ತಿಕಲ್ಲು, ಕಾಶಿ-ಗಯೆಯ ಪಂಡಾಗಳ ಬಹಿ (ವಂಶಾವಳಿ ಪುಸ್ತಕ) ಇವೆಲ್ಲ ಹೆಸರು ಹಿಡಿದಿಟ್ಟಿವೆ. ಮೂಲ ಊರು ಉತ್ತರ ಕರ್ನಾಟಕವಾದರೆ ಹೆಳವರನ್ನು ಮರೆಯಬೇಡಿ. ತಲೆಮಾರಿನಿಂದ ತಲೆಮಾರಿಗೆ ಒಕ್ಕಲು ಮನೆಗಳ ವಂಶಾವಳಿಯನ್ನು ಓದಿ ಹೇಳುತ್ತ, ಹೊಸ ಹೆಸರು ಸೇರಿಸುತ್ತ ಬಂದವರು ಅವರು.

ಹಾಗಾದರೆ ಎಲ್ಲಿಂದ ಶುರು?

ಮನೆಯಿಂದ. ಟ್ರಂಕಿನಲ್ಲಿರುವ ಕ್ರಯಪತ್ರ, ಪಿಂಚಣಿ ಕಾಗದ, ಲಗ್ನಪತ್ರಿಕೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಂತರ ಮತದಾರರ ಪಟ್ಟಿ, ಶಾಲೆ, ಪಾಲಿಕೆಯ ಜನನ-ಮರಣ ಪುಸ್ತಕ. ಆಮೇಲೆ ಚರ್ಚು, ಕಂದಾಯ ಕಚೇರಿ, ಪತ್ರಾಗಾರ, ಹಡಗು ಪಟ್ಟಿ. ತಿಳಿದದ್ದರಿಂದ ತಿಳಿಯದ್ದಕ್ಕೆ, ಒಂದೊಂದೇ ತಲೆಮಾರು. ನಡುವೆ ಹಾರಿದವರು ಬೇರೆ ವಂಶದ ಮರ ಹತ್ತಿರುತ್ತಾರೆ.

ಕಚೇರಿಗಳು ನಾಳೆಯೂ ತೆರೆದಿರುತ್ತವೆ. ಮನೆಯ ಹಿರಿಯರ ನೆನಪಿಗೆ ಆ ಖಾತ್ರಿಯಿಲ್ಲ. ಈ ಭಾನುವಾರ ಅಜ್ಜಿಯ ಪಕ್ಕ ಕೂತು ಅವರ ಅತ್ತೆಯ ಹೆಸರು, ತವರೂರು, ಕುಲದೇವರ ಊರು ಕೇಳಿ ಬರೆದುಕೊಳ್ಳಿ. ಯಾವ ಜನಗಣತಿಯೂ ಕೊಡದ ಮಾಹಿತಿ ಅದು.